ಸ್ಮಾರ್ಟ್ ಬೋರ್ಡಿಗೆ ಹಾಕಿದ ಹಾರ

ಯಂತ್ರ ಮುನಿಸಿಕೊಂಡರೆ ಮೇಷ್ಟರನ್ನು ಬೈಯುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನಂಜನಗೂಡಿನ ಬಿ.ಇಡಿ. ಕಾಲೇಜೊಂದರಲ್ಲಿ, ತರಗತಿಯಲ್ಲಿ ತಂತ್ರಜ್ಞಾನ ಬಳಸುವುದು ಹೇಗೆಂದು ನಾಳಿನ ಮೇಷ್ಟರುಗಳಿಗೆ ಕಲಿಸುವವಳು ನಾನೇ. ಸೀಮೆಸುಣ್ಣ ಸಾಲದೇ ಎಂದು ಯಾರಾದರೂ ರಾಗ ಎಳೆದರೆ, ಹಾಗಾದರೆ ನಿಮ್ಮ ಮೊಬೈಲು ಮಾರಿ ಪಾರಿವಾಳ ಸಾಕಿಕೊಳ್ಳಿ ಎಂದುಬಿಡುತ್ತೇನೆ. ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಕುರ್ಚಿ ಸಾಮಾನ್ಯವಾಗಿ ಖಾಲಿ ಇರುತ್ತದೆ.

ಈ ಸಲ ನಮ್ಮವರು ಮಕ್ಕಳಿಗೆ ಪಾಠ ಮಾಡಿ ತೋರಿಸುವ ಪರೀಕ್ಷೆ ತಿ. ನರಸೀಪುರದ ಶಾಲೆಯೊಂದರಲ್ಲಿ, ದಸರಾ ರಜೆ ಮುಗಿದ ಮೇಲೆ. ನನ್ನ ವಿದ್ಯಾರ್ಥಿ ಮಾದೇಶ ಬದನವಾಳಿನವನು, ತಾಂಡ್ಯದ ಫ್ಯಾಕ್ಟರಿ ಕೆಲಸ ಬಿಟ್ಟು ಓದಲು ಬಂದವನು. ಇದರಲ್ಲಿ ನಪಾಸಾದರೆ ಮತ್ತೆ ಫ್ಯಾಕ್ಟರಿ ಗೇಟೇ ಗತಿ. ಪರೀಕ್ಷಕರು ಕೈಕಟ್ಟಿ ಕೂತಿದ್ದರು. ಕಲಿಸಿದವರು ಹಿಂದಿನ ಬೆಂಚಿನಲ್ಲಿ ಬಾಯಿ ಮುಚ್ಚಿಕೊಂಡಿರಬೇಕೆಂಬುದು ನಿಯಮ. ನನಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ.

ಪಾಠ ಸೌರವ್ಯೂಹ. ಮಾದೇಶ ಸ್ಮಾರ್ಟ್ ಬೋರ್ಡಿನ ಮೇಲೆ ಭೂಮಿಯನ್ನು ಮುಟ್ಟಿದರೆ ಶನಿ ಬಂದ. ಹಿಂದಕ್ಕೆ ಕಳಿಸಿದರೆ ಮತ್ತೆ ಶನಿ. ಬಾಗಿಲಲ್ಲಿ ನಿಂತಿದ್ದ ಆ ಶಾಲೆಯ ಹೆಡ್‌ಮಾಸ್ಟರು ಕಣ್ಣು ಮುಚ್ಚಿ ಕೈ ಮುಗಿದರು. ಮಾದೇಶನ ಅಂಗಿಯ ಬೆನ್ನು ಒದ್ದೆಯಾಗತೊಡಗಿತು. ನನಗೆ ಆಗಲೇ ಕಾರಣ ಹೊಳೆದಿತ್ತು. ಆಯುಧಪೂಜೆಗೆ ಬೋರ್ಡಿಗೆ ಹಾಕಿದ ಚೆಂಡುಹೂವಿನ ಹಾರ ಇನ್ನೂ ನೇತಾಡುತ್ತಿತ್ತು. ಅಂಚಿನೊಳಗೆ ಏನು ಅಡ್ಡ ಬಂದರೂ ಆ ಬೋರ್ಡು ಬೆರಳೆಂದೇ ತಿಳಿಯುತ್ತದೆ. ಪೂಜೆಯ ಹೂವು ತಾನಾಗಿ ಉದುರಬೇಕು, ಕೀಳಬಾರದು ಎಂದು ಹೆಡ್‌ಮಾಸ್ಟರು ಬೆಳಿಗ್ಗೆಯೇ ತಡೆದಿದ್ದರು. ಹುಡುಗನ ಬಾಳು ಉದುರಿದರೆ ಪರವಾಗಿಲ್ಲವೇ? ಎದ್ದೆ, ಹೋದೆ, ಹಾರ ಕಿತ್ತೆ.

ಪಾಠದ ನಡುವೆ ನೀವು ಏಳುವ ಹಾಗಿಲ್ಲ ಎಂದು ಪರೀಕ್ಷಕರು ಗುಡುಗಿದರು.

"ನಾನು ಪಾಠಕ್ಕೆ ಕೈ ಹಾಕ್ಲಿಲ್ಲ ಸಾರ್, ಹೂವಿಗೆ ಹಾಕ್ದೆ. ಅದಕ್ಕೂ ನಿಯಮ ಇದ್ರೆ ತೋರ್ಸಿ" ಎಂದು ಬೋರ್ಡಿಗೆ ಒರಗಿಕೊಂಡೇ ನಿಂತೆ.

ಮಾದೇಶ ಭೂಮಿ ಮುಟ್ಟಿದ. ಶನಿಯೇ ಬಂದ. ಕಿತ್ತ ಹಾರ ಹಿಡಿದುಕೊಂಡು ನಾನು ಬೋರ್ಡನ್ನೇ ದಿಟ್ಟಿಸಿದೆ. ಮಾದೇಶ ಮಾತ್ರ ಮೆಲ್ಲಗೆ, "ಮೇಡಂ, ಸೆರಗ ವಸಿ ಇತ್ಲಾಗೆ ಇಡ್ಕಳಿ. ಬೋರ್ಡು ಅದ್ನೂ ಬೆರಳು ಅನ್ಕಂಡದೆ" ಎಂದ. ಮಕ್ಕಳು ನಕ್ಕವು, ಪರೀಕ್ಷಕರೂ ನಕ್ಕರು, ಭೂಮಿ ಬಂತು. ಪಾಠ ಮುಗಿಯುವವರೆಗೂ ಅದು ಎಲ್ಲಿಗೂ ಹೋಗಲಿಲ್ಲ.

ಮಾದೇಶ ಪಾಸಾದ, ಅದೂ ಒಳ್ಳೆಯ ಅಂಕದಲ್ಲಿ. ತರಗತಿಯಲ್ಲಿ ಎದ್ದ ಗಲಾಟೆಯನ್ನು ಅಭ್ಯರ್ಥಿ ಸಮಾಧಾನದಿಂದ ನಿಭಾಯಿಸಿದರು ಎಂದು ಪರೀಕ್ಷಕರು ಷರಾ ಬರೆದಿದ್ದರಂತೆ. ಆ ಗಲಾಟೆ ನಾನೇ. ಬರೆದುಕೊಳ್ಳಲಿ ಬಿಡಿ. ಮುಂದಿನ ವರ್ಷವೂ ಯಾವುದಾದರೂ ಬೋರ್ಡಿನ ಮೇಲೆ ಹಾರ ಕಂಡರೆ ಏಳುವವಳು ನಾನೇ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು.