ಚೆಂಬೂರಿನ ಆರೆಳೆ ಕೇಸರಿ

ಮೇ ತಿಂಗಳಿಂದ ಅಕ್ಟೋಬರಿನ ತನಕ ಸತ್ಯಮೂರ್ತಿಗಳ ಮನೆಯ ಫ್ರಿಜ್ಜಿನಲ್ಲಿ ಕಾಶ್ಮೀರ ವಾಸವಾಗಿತ್ತು. ತರಕಾರಿ ಇಡಬೇಕಾದ ಕೆಳಗಿನ ಟ್ರೇಯಲ್ಲಿ ಎಂಟು ಗೆಡ್ಡೆಗಳು ಹಳೆಯ ಬನಿಯನ್ ಹೊದ್ದು ತಪಸ್ಸಿಗೆ ಕೂತಿದ್ದವು. ಹೊರಗೆ ಚೆಂಬೂರಿನ ಸೆಕೆಗೆ ಸೊಪ್ಪು ಬಾಡುತ್ತಿತ್ತು, ದೋಸೆ ಹಿಟ್ಟು ಹುಳಿಯಾಗುತ್ತಿತ್ತು, ಹೆಂಡತಿ ವನಮಾಲಾ ಹಿಟ್ಟಿಗಿಂತ ಬೇಗ ಹುಳಿಯಾಗುತ್ತಿದ್ದಳು.

“ರೀ, ನನ್ನ ಕೊತ್ತಂಬರಿ ಸೊಪ್ಪಿಗೆ ಜಾಗ ಇಲ್ಲ, ನಿಮ್ಮ ಗೆಡ್ಡೆಗೆ ಬಂಗಲೆ!”

“ಬಾಗಿಲು ಪದೇ ಪದೇ ತೆಗೀಬೇಡ ಕಣೇ, ಹಿಮ ಕರಗತ್ತೆ.”

“ಕರಗ್ತಿರೋದು ಹಿಮ ಅಲ್ಲ, ನನ್ನ ತಾಳ್ಮೆ.”

ಸತ್ಯಮೂರ್ತಿಗಳು ವಿಕ್ರೋಳಿಯ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ಆಫೀಸರು, ಚೆಂಬೂರಿನ ಕನ್ನಡ ಸಂಘಕ್ಕೆ ಕಾರ್ಯದರ್ಶಿ. (ಮೊದಲನೆಯದು ಹೊಟ್ಟೆಪಾಡು, ಎರಡನೆಯದು ಜಂಬದ ಪಾಡು.) ಎಂಬತ್ತೇಳರ ಬೇಸಗೆಯಲ್ಲಿ ಕಂಪನಿಯ ಪ್ರವಾಸ ಭತ್ಯೆ ಸಿಕ್ಕಿ ಕಾಶ್ಮೀರಕ್ಕೆ ಹೋದಾಗ, ಜೊತೆಯವರೆಲ್ಲ ಶಾಲು, ಅಕ್ರೋಟು ಕೊಂಡರೆ ಇವರು ಸರೋವರದ ದೋಣಿಯವನೊಬ್ಬನಿಂದ ಗೆಡ್ಡೆ ಕೊಂಡರು. “ಅಸಲಿ ಕೇಸರ್ ಹೈ ಸಾಬ್, ಮಳೆಗಾಲ ಮುಗಿದ ಮೇಲೆ ಫೂಲ್ ಬರುತ್ತೆ” ಎಂಬರ್ಥದಲ್ಲಿ ಅವನು ಗಡ್ಡದ ಮೇಲೆ ಕೈಯಿಟ್ಟು ಆಣೆ ಮಾಡಿದ್ದ. ಗಡ್ಡ ಬೆಳ್ಳಗಿತ್ತು, ಸತ್ಯಮೂರ್ತಿಗಳು ನಂಬಿದರು.

ಮುಂಬಯಿಗೆ ಇಳಿದವರೇ ಸಂಘದ ಸಭೆಯಲ್ಲಿ ಘೋಷಿಸಿಬಿಟ್ಟರು: “ಈ ಸಲದ ರಾಜ್ಯೋತ್ಸವದ ಕೇಸರಿಬಾತಿಗೆ ಚೆಂಬೂರಿನಲ್ಲೇ ಬೆಳೆದ ಕೇಸರಿ!” ಪ್ರತಿ ವರ್ಷ ಅಡುಗೆಯ ಹೊಣೆ ಹೊರುತ್ತಿದ್ದವರು ಗ್ರಾಂಟ್ ರೋಡಿನ ಹೋಟೆಲ್ ಮಾಲೀಕ ರಮಾನಾಥ. ಅವರ ಕಡೆಗೊಂದು ಓರೆನೋಟ ಬೀರಿ, “ಡಬ್ಬಿಯ ಬಣ್ಣ ತಿಂದಿದ್ದು ಸಾಕು” ಎಂದೂ ಸೇರಿಸಿದರು. ವರ್ಷಕ್ಕೊಬ್ಬರಿಗಾದರೂ ಶಾಲು ಹೊದಿಸದಿದ್ದರೆ ಅನ್ನ ಸೇರದ ಅಧ್ಯಕ್ಷ ವೆಂಕಟಸುಬ್ಬಯ್ಯನವರು ಅಲ್ಲೇ ಸನ್ಮಾನದ ಠರಾವು ಪಾಸು ಮಾಡಿದರು. ಇನ್ನು ಹೂ ಬಿಡದಿದ್ದರೆ ಸತ್ಯಮೂರ್ತಿಗಳು ಚೆಂಬೂರು ಸ್ಟೇಷನ್ ಬಿಟ್ಟು ಕುರ್ಲಾದಲ್ಲಿ ಇಳಿದು ಕದ್ದು ಮನೆಗೆ ಬರಬೇಕಾಗಿತ್ತು.

ನವರಾತ್ರಿ ಕಳೆಯುವಷ್ಟರಲ್ಲಿ ಏಳು ಗೆಡ್ಡೆಗಳು ಟ್ರೇಯಲ್ಲೇ ಕೊಳೆತು ಪರಮಪದ ಸೇರಿದವು. ಉಳಿದದ್ದು ಬೆಳ್ಳುಳ್ಳಿ ಗಾತ್ರದ ಒಂದೇ ಒಂದು. ಮಣ್ಣಿಗಿಟ್ಟರೆ ಇದೂ ಕೈಕೊಟ್ಟೀತೆಂದು ಹೆದರಿ, ಅದನ್ನು ಸ್ಟೀಲ್ ಲೋಟದಲ್ಲಿ ಕೂರಿಸಿ ಅಡುಗೆಮನೆಯ ಕಿಟಕಿಯಲ್ಲಿಟ್ಟರು. ರಾಜ್ಯೋತ್ಸವಕ್ಕೆ ಎರಡು ದಿನ ಇದೆ ಎನ್ನುವಾಗ, ಮಣ್ಣಿಲ್ಲ, ನೀರಿಲ್ಲ, ತಿಳಿನೇರಳೆ ಬಣ್ಣದ ಹೂವೊಂದು ಲೋಟದಿಂದ ತಲೆಯೆತ್ತಿ ನಿಂತಿತು.

“ಪಪ್ಪಾ, ಪತ್ತಾ ಕಹಾಂ ಹೈ? ಎಲೆನೇ ಇಲ್ಲ!” ಎಂದಳು ಒಂಬತ್ತನೇ ಕ್ಲಾಸಿನ ಮಗಳು ವಿನೋದಿನಿ.

“ಮಹಾತ್ಮರಿಗೆ ಆಡಂಬರ ಬೇಕಿಲ್ಲಮ್ಮ” ಎಂದರು ಸತ್ಯಮೂರ್ತಿಗಳು, ಲೋಟಕ್ಕೆ ಕೈಮುಗಿದು.

ಒಂದು ಹೂವಿನಲ್ಲಿ ಮೂರೇ ಮೂರು ಕೆಂಪು ಎಳೆ ಸಿಗುತ್ತವೆ ಎಂದು ಕಾಶ್ಮೀರದ ಗೈಡು ಹೇಳಿದ್ದ. ಇವರು ಕನ್ನಡಕ ಏರಿಸಿಕೊಂಡು ಎಣಿಸಿದರು. ಆರು! ಮತ್ತೆ ಎಣಿಸಿದರು, ಮಗಳಿಂದಲೂ ಎಣಿಕೆ ಮಾಡಿಸಿದರು. ಆರೇ. ಹೆಚ್ಚುವರಿ ಸಾಮಾನು ಬಂದರೆ ಸ್ಟೋರ್ಸಿನವರು ಯಾಕೆ ಬಂತೆಂದು ಕೇಳುವುದಿಲ್ಲ, ಒಳಗಿಟ್ಟು ಬೀಗ ಹಾಕುತ್ತಾರೆ. ಸತ್ಯಮೂರ್ತಿಗಳೂ ಹಾಗೇ ಮಾಡಿದರು.

“ಕೆಂಪಗೆಲ್ಲಿದೆ? ಹಳದಿ ಇದೆಯಲ್ರೀ” ಎಂದಳು ವನಮಾಲಾ.

“ಒಣಗಿದ ಮೇಲೆ ಕೆಂಪಾಗತ್ತೆ. ಮೆಣಸಿನಕಾಯಿ ಆಗಲ್ವಾ?”

“ಅದು ಗಿಡದಲ್ಲೇ ಕೆಂಪಾಗತ್ತೆ. ಒಂದ್ಸಲ ಪಕ್ಕದ ಬಿಲ್ಡಿಂಗ್ ವಿಮಲಾ ಮೇಡಂಗೆ ತೋರಿಸ್ಕೊಂಡು ಬನ್ನಿ. ಮೂವತ್ತು ವರ್ಷ ಕಾಲೇಜಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿದೋರು.”

“ಅವರು ಪುಸ್ತಕ ನೋಡಿದವರು ಕಣೇ, ನಾನು ಕಾಶ್ಮೀರ ನೋಡಿದವನು!”

ಆರು ಎಳೆಗಳೂ ಪೊಟ್ಟಣ ಸೇರಿ, ಪೊಟ್ಟಣ ರಮಾನಾಥರ ಕೈ ಸೇರಿತು. ಅವರು ಬಿಚ್ಚಿ ನೋಡಲೂ ಇಲ್ಲ. “ಆಯ್ತು ಮಾರಾಯ್ರೆ, ನೋಡುವ” ಎಂದು ಅಂಗಿಯ ಜೇಬಿಗೆ ಹಾಕಿಕೊಂಡರು.

ನವೆಂಬರ್ ಒಂದು, ಭಾನುವಾರ. ಶಾಲೆಯ ಸಭಾಂಗಣದಲ್ಲಿ ಮುನ್ನೂರು ಜನ. ಭಾಷಣ ಉದ್ದವಾದರೆ ಸಭಿಕರು ಪಂಕ್ತಿಯ ಕಡೆ ಪಲಾಯನ ಮಾಡುತ್ತಾರೆಂದು ಕೇಸರಿಬಾತಿನ ದೊನ್ನೆಗಳನ್ನು ಕೂತಲ್ಲಿಗೇ ಹಂಚಿದ್ದರು. ಷರತ್ತು ಇಷ್ಟೇ: ಸನ್ಮಾನಿತರು “ಸ್ವೀಕರಿಸಿ” ಎನ್ನುವ ತನಕ ಯಾರೂ ಬಾಯಿಗೆ ಹಾಕಕೂಡದು. (ಹಿಂದಿನ ಸಾಲಿನ ಮಕ್ಕಳು ಆಗಲೇ ದೊನ್ನೆ ನೆಕ್ಕುತ್ತಿದ್ದರು.) ಬಾತು ಸೂರ್ಯೋದಯದ ಬಣ್ಣಕ್ಕೆ ತಿರುಗಿತ್ತು. ಅದನ್ನು ಕಂಡು ಸತ್ಯಮೂರ್ತಿಗಳ ಎದೆಯುಬ್ಬಿತು. ಹೆಗಲ ಮೇಲೆ ಶಾಲು ಬಿತ್ತು, ಕೊರಳಿಗೆ ಹಾರ ಬಿತ್ತು, ಕೈಗೆ ಮೈಕು ಬಂತು.

“ಬಂಧುಗಳೇ! ಕಾಶ್ಮೀರದ ಹೂವಿನಲ್ಲಿ ಮೂರು, ನಮ್ಮ ಚೆಂಬೂರಿನ ಹೂವಿನಲ್ಲಿ ಆರು!”

ಚಪ್ಪಾಳೆಯ ನಡುವೆ ಮುಂದಿನ ಸಾಲಿನಲ್ಲಿದ್ದ ವಿಮಲಾ ಮೇಡಂ ಎದ್ದರು. ಹೂಗುಚ್ಛ ಕೊಡಲು ಬರುತ್ತಿದ್ದಾರೆಂದುಕೊಂಡು ಸತ್ಯಮೂರ್ತಿಗಳು ನಕ್ಕು ಬಾಗಿದರು. ಮೇಡಂ ವೇದಿಕೆ ಹತ್ತಿ ಕಿವಿಯಲ್ಲಿ ಕೇಳಿದರು:

“ಆರಾ? ಹಳದಿನಾ? ಎಲೆ ಇತ್ತಾ?”

“ಹಳದಿಯೇ ಮೇಡಂ, ಎಲೆ ಇರಲಿಲ್ಲ. ಏಕೆ?”

“ಕೇಸರಿ ಹೂವಲ್ಲಿ ಹಳದಿ ಕೇಸರ ಮೂರೇ ಇರೋದು, ನಡುವೆ ಕೆಂಪು ಎಳೆ ಮೂರು. ಆರು ಹಳದಿ ಇದ್ರೆ ಅದು ಕೋಲ್ಚಿಕಮ್. ಅದೂ ಇದೇ ಕಾಲದಲ್ಲಿ, ಹೀಗೇ ಬೋಳಾಗಿ ಅರಳತ್ತೆ. ನೋಡೋಕೆ ತದ್ರೂಪು, ಆದರೆ ವಿಷ. ಬಾತಿಗೆ ಹಾಕಿಲ್ಲ ತಾನೆ?”

ಸತ್ಯಮೂರ್ತಿಗಳು ದೊನ್ನೆಗಳ ಕಡೆ ನೋಡಿದರು, ಹೆಗಲ ಮೇಲಿನ ಶಾಲಿನ ಕಡೆ ನೋಡಿದರು. ಸುಮ್ಮನಿದ್ದರೆ ಮಾನ ಉಳಿಯುತ್ತದೆ, ಜನ ಉಳಿಯುವುದಿಲ್ಲ. ಬಾಯಿಬಿಟ್ಟರೆ ಜನ ಉಳಿದಾರು, ಇವರಿಗೆ ಮುಂಬಯಿಯಲ್ಲಿ ಬಾಳು ಉಳಿಯುವುದಿಲ್ಲ. ಒಂದು ಗಳಿಗೆ (ಒಂದೇ ಗಳಿಗೆ, ಪಾಪ) ಮನಸ್ಸು ಶಾಲಿನ ಕಡೆ ವಾಲಿತು. ಅಷ್ಟರಲ್ಲಿ ಮೂರನೇ ಸಾಲಿನಲ್ಲಿ ವಿನೋದಿನಿ ಚಮಚೆ ಎತ್ತುವುದು ಕಣ್ಣಿಗೆ ಬಿತ್ತು. ಅವರಿಗೆ ನಿಜಕ್ಕೂ ಜೀವ ಹೋದಷ್ಟು ಭಯವಾಯಿತು.

“ತಿನ್ಬೇಡಿ!” ಎಂದು ಮೈಕಿನಲ್ಲಿ ಕಿರುಚಿದರು. “ಯಾರೂ ತಿನ್ಬೇಡಿ! ವಿಷ ಇದೆ! ತಪ್ಪು ನಂದು!”

ಮುನ್ನೂರು ಜನ ಒಟ್ಟಿಗೆ ಎದ್ದರು. ದೊನ್ನೆಗಳು ಉರುಳಿದವು. ತಾಯಂದಿರು ಮಕ್ಕಳ ಬಾಯಿಗೆ ಬೆರಳು ಹಾಕಿದರು, ಆಂಬುಲೆನ್ಸ್ ಕರೆಸಿ ಎಂದು ಒಬ್ಬರು, ಮಜ್ಜಿಗೆ ಕುಡಿಸಿ ಎಂದು ಇನ್ನೊಬ್ಬರು ಕೂಗಾಡಿದರು. ಈ ಕೋಲಾಹಲದ ನಡುವೆ ಅಡುಗೆಯ ಕಡೆಯಿಂದ ರಮಾನಾಥರು ಕೈ ಒರೆಸಿಕೊಳ್ಳುತ್ತ ನಿಧಾನವಾಗಿ ವೇದಿಕೆಗೆ ಬಂದರು. ಜೇಬಿನಿಂದ ಪೊಟ್ಟಣ ತೆಗೆದು ಎಲ್ಲರಿಗೂ ಕಾಣುವಂತೆ ಹಿಡಿದರು. ಕಟ್ಟಿದ ದಾರ ಕಟ್ಟಿದಂತೆಯೇ ಇತ್ತು.

“ಎಂತ ಗಲಾಟೆ ಮಾರಾಯ್ರೆ? ನಾನು ಇದನ್ನು ಹಾಕ್ಲೇ ಇಲ್ಲ. ಆರು ಎಳೆ ಹಾಕಿದ್ರೆ ಮುನ್ನೂರು ಜನಕ್ಕೆ ಎಂತ ಬಣ್ಣ ಬರ್ತದೆ? ಸೆಕ್ರೆಟರಿಯವರಿಗೆ ಬೇಜಾರು ಆಗ್ಬಾರ್ದು ಅಂತ ಇಟ್ಕೊಂಡೆ, ಅಷ್ಟೇ. ಹಾಕಿದ್ದು ಯಾವಾಗಲೂ ಹಾಕುವ ಡಬ್ಬಿಯ ಬಣ್ಣವೇ. ಹೆದರ್ಬೇಡಿ, ತಿನ್ನಿ.”

ಸಭೆ ಚಪ್ಪಾಳೆಯಲ್ಲಿ ಸ್ಫೋಟಿಸಿತು. ಕಲಬೆರಕೆಗೆ ಅಂಥ ಜಯಘೋಷ ಚೆಂಬೂರಿನಲ್ಲಿ ಹಿಂದೆಂದೂ ಆಗಿರಲಿಲ್ಲ. ವೆಂಕಟಸುಬ್ಬಯ್ಯನವರು ಕಣ್ಣೊರೆಸಿಕೊಂಡು, “ಮುನ್ನೂರು ಪ್ರಾಣ ಉಳಿಸಿದ ಪುಣ್ಯಾತ್ಮರಪ್ಪಾ ಇವರು!” ಎಂದರು. ಸಂಘದ ಬಳಿ ಇದ್ದದ್ದು ಒಂದೇ ಶಾಲು. ಅದನ್ನು ಸತ್ಯಮೂರ್ತಿಗಳ ಹೆಗಲಿನಿಂದ ಮೆಲ್ಲಗೆ ಎತ್ತಿ ರಮಾನಾಥರಿಗೆ ಹೊದಿಸಿದರು. ಹಾರವೂ ಕೊರಳು ಬದಲಾಯಿಸಿತು.

ಇಷ್ಟಕ್ಕೇ ಮುಗಿಯಿತೆಂದುಕೊಂಡು ಸತ್ಯಮೂರ್ತಿಗಳು ಮೆಟ್ಟಿಲ ಕಡೆ ಸರಿಯುತ್ತಿದ್ದರು.

“ಎಲ್ಲಿ ಹೊರಟ್ರಿ? ಸನ್ಮಾನ ಪತ್ರ ಓದೋದು ಬಾಕಿ ಇದೆಯಲ್ಲ” ಎಂದರು ಅಧ್ಯಕ್ಷರು. “ಹೆಸರೊಂದನ್ನ ಬದಲಾಯಿಸಿ ಓದಿಬಿಡಿ. ನಿಮ್ಮ ಕಂಠವೇ ಚೆನ್ನ.”

ಚೌಕಟ್ಟು ಹಾಕಿಸಿದ್ದ ಆ ಪತ್ರದ ಒಂದೊಂದು ಅಕ್ಷರವನ್ನೂ ಸತ್ಯಮೂರ್ತಿಗಳೇ ಮೂರು ಭಾನುವಾರ ಕೂತು ರಚಿಸಿದ್ದರು. (ಕಾರ್ಯದರ್ಶಿ ಬರೆಯದೆ ಇನ್ನು ಯಾರು ಬರೆಯಬೇಕು?) ಕನ್ನಡಕ ಏರಿಸಿಕೊಂಡು ಶುರು ಮಾಡಿದರು: “ಚೆಂಬೂರಿನ ಹೆಮ್ಮೆಯ ಸುಪುತ್ರ, ಪ್ರಚಾರದ ಹಂಗಿಲ್ಲದ ಕರ್ಮಯೋಗಿ, ಸರಳತೆಯ ಸಾಕಾರಮೂರ್ತಿ, ಶ್ರೀಮಾನ್... ರಮಾನಾಥರೇ!” ಒಂದೊಂದು ಬಿರುದಿಗೂ ಸಭಾಂಗಣ ಗುಡುಗಿತು. ಮುಂದಿನ ಸಾಲಿನಲ್ಲಿ ವನಮಾಲಾ ಎರಡನೇ ದೊನ್ನೆಯನ್ನು ತೊಡೆಯ ಮೇಲಿಟ್ಟುಕೊಂಡು, ಎರಡೂ ಕೈ ಸೇರಿಸಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದಳು.