ಲಂಡನ್ನಿಗೆ ಹತ್ತು ತಾಸಿನ ನೀರು

ಗುರುವಾರ, ಬೆಳಿಗ್ಗೆ ಏಳು ಗಂಟೆ. ಸ್ಥಳ: ವಳಕಮದಿನ್ನಿ ಬಳಿಯ ಕಾಲುವೆ ದಂಡೆ. ಹಾಜರಿದ್ದವರು ನಾನು ಮತ್ತು ನನ್ನ ಹೆಂಡತಿಯ ತಮ್ಮ. ವಿಮಾನದ ಲೆಕ್ಕವನ್ನು ಕಾಲುವೆಯಲ್ಲಿ ಹಾಕುವವನು ಈ ಭೂಮಿಯ ಮೇಲೆ ಇವನೊಬ್ಬನೇ ಎಂದು ಪ್ರಮಾಣ ಮಾಡಿ ಹೇಳಬಲ್ಲೆ.

ಮೂವತ್ತು ವರ್ಷ ಕಾಲುವೆಯ ನೀರಿನ ಮಟ್ಟ ತೋರಿಸುವ ಗೇಜು ಓದಿ ನಿವೃತ್ತನಾದವನು. ಮೇಲೆ ಬಿಟ್ಟ ನೀರು ಕೆಳಗೆ ಎಷ್ಟು ತಾಸಿಗೆ ಮುಟ್ಟುತ್ತದೆ ಎಂಬುದೇ ಅವನ ವಿದ್ಯೆ. ಲಿಂಗಸುಗೂರಿನಿಂದ ನಾನು ಸಿಂಧನೂರಿನ ಅವನ ಮನೆಗೆ ಬಸ್ಸು ಹತ್ತಿದರೆ, "ಮಸ್ಕಿ ಗೇಜ್ ದಾಟಿದ ಮ್ಯಾಲೆ ಫೋನ್ ಮಾಡ್ರಿ" ಎನ್ನುತ್ತಾನೆ. ಮದುವೆಯೊಂದರ ಪಂಕ್ತಿಯಲ್ಲಿ ಸಾರು ಕೊನೆಯ ಎಲೆಗೆ ಮುಟ್ಟದಿದ್ದಾಗ, ನಡುವೆ ಎರಡು ಸಲ ಬಡಿಸಿಕೊಂಡವರನ್ನು ಹುಡುಕಿ ಎಬ್ಬಿಸಿದ್ದ!

ಇಂದು ಅವನ ಹೆಂಡತಿ ಹೈದರಾಬಾದಿನಿಂದ ಲಂಡನ್ನಿಗೆ ಹೊರಟಿದ್ದಾಳೆ. ಅಲ್ಲಿ ನರ್ಸ್ ಆಗಿರುವ ಕಡೇ ತಂಗಿಯ ಬಾಣಂತನಕ್ಕೆ, ಮೂರು ತಿಂಗಳು. ಆಕೆಗೆ ಇದೇ ಮೊದಲ ವಿಮಾನ. ಮದುವೆಯಾದ ಮೇಲೆ ಇಬ್ಬರೂ ಒಂದು ವಾರವೂ ಅಗಲಿದ್ದಿಲ್ಲ.

ಟಿಕೆಟ್ಟಿನ ಪ್ರಕಾರ ಬಿಡುವುದು ಏಳಕ್ಕೆ, ಮುಟ್ಟುವುದು ಹನ್ನೆರಡೂವರೆಗೆ. ಪ್ರಯಾಣ ಮಾತ್ರ ಹತ್ತು ತಾಸು. ಮೊನ್ನೆ ಮನೆಯಲ್ಲಿ ಅದನ್ನು ನೋಡಿ ಕೇಳಿದ್ದ:

"ಮಾಮಾ, ನಡುವ ನಾಲ್ಕೂವರೆ ತಾಸು ಎಲ್ಲಿ ಹೋತ್ರೀ?"

"ಅಲ್ಲಿ ಗಡಿಯಾರ ನಮಗಿಂತ ಹಿಂದ ಅದಾವಪ್ಪ."

"ಸುಳ್ಳ. ಯಾರೋ ನಡುವ ಮೋಟರ್ ಇಟ್ಟು ಎಳಕೊಂಡಾರ."

ನಿಂಬೆಹಣ್ಣನ್ನು ಭೂಮಿ ಮಾಡಿ, ತಿರುಗಿಸಿ ತೋರಿಸಿದೆ. ಅದನ್ನು ಹೆಚ್ಚಿ ಪಾನಕ ಮಾಡಿಸಿ ನನಗೂ ಕೊಟ್ಟ.

ಕಡೆಗೆ ಅವನು ನಂಬಿದ್ದು ನೀರನ್ನೇ. ಮೇಲಿನ ತೂಬಿನಿಂದ ಇಲ್ಲಿಗೆ ನೀರು ಬರಲು ಹತ್ತು ತಾಸು. ಏಳು ಸಾವಿರ ಚಿಲ್ಲರೆ ಕಿಲೋಮೀಟರ್ ಹಾರಲು ವಿಮಾನಕ್ಕೂ ಹತ್ತು ತಾಸು. ಇಂದು ಏಳಾಗುತ್ತಲೇ ತೂಬಿನ ಕಾವಲಿನ ಗೆಳೆಯನಿಗೆ ಫೋನು ಮಾಡಿ, "ಬಿಡಪಾ" ಎಂದ. ಆತ ಅರಿಶಿನ ಹಚ್ಚಿದ ತೆಂಗಿನಕಾಯಿಯನ್ನು ನೀರಿಗೆ ಬಿಟ್ಟ. ಕಾಯಿ ಇಲ್ಲಿ ಮುಟ್ಟಿದರೆ ಆಕೆ ಅಲ್ಲಿ ಇಳಿದಂತೆ.

ನಾನು ಒಂದು ಗಂಟೆಗೆ ಉಣ್ಣುವವನು, ಡಬ್ಬಿ ಬಿಚ್ಚಿ ಉಂಡೆ. ಅವನು ನೀರಿನಿಂದ ಕಣ್ಣು ಕೀಳಲಿಲ್ಲ. ಎರಡಕ್ಕೆ ಒಂಟಿ ಚಪ್ಪಲಿಯೊಂದು ತೇಲಿ ಬಂತು. "ಇದು ಬ್ಯಾರೆ ವಿಮಾನ" ಎಂದ.

ಐದಾಯಿತು, ಆರಾಯಿತು. ಕಾಯಿಯ ಸುಳಿವಿಲ್ಲ.

"ಯಾರರ ಒಡಕೊಂಡು ತಿಂದಿರಬೇಕು" ಎಂದೆ.

"ಹಂಗನಬ್ಯಾಡ್ರೀ ಮಾಮಾ." ಅವನ ತುಟಿ ಒಣಗಿತ್ತು. ಸಮಾಧಾನಕ್ಕೆಂದು ಆಡಿದ ಮಾತಿಗೆ ನನಗೇ ನಾಚಿಕೆಯಾಯಿತು.

ಆರೂವರೆಗೆ ಫೋನು ಬಂತು.

"ಮುಟ್ಟೀನಿ. ತಂಗಿ ಗಂಡ ಬಂದಾನ ಕರಕೊಂಡು ಹೋಗಾಕ. ನೀವು ಉಂಡೀರಿಲ್ಲೋ?"

"ಆಗ್ಲೇ ಉಂಡೀನಿ. ನೀ ಅರಾಮ ಅದಿಯಿಲ್ಲೋ?"

ಮಾತು ಮುಗಿದ ಮೇಲೆ ಬಟ್ಟೆಯ ಗಂಟು ಬಿಚ್ಚಿದ. ಆಕೆ ಬಡಿದಿಟ್ಟು ಹೋದ, ತಿಂಗಳುಗಟ್ಟಲೆ ಕೆಡದ ಖಡಕ್ ರೊಟ್ಟಿ, ಒಂದೇ ಒಂದು. ಅರ್ಧ ಮುರಿದು ತಿಂದು, ಉಳಿದರ್ಧವನ್ನು ಮತ್ತೆ ಕಟ್ಟಿದ.

"ಮುಂಜಾನಿಂದ ಉಪಾಸ ಅದಿ, ಅದನ್ನೂ ತಿನ್ನೋ."

"ಎಲ್ಲಾ ಸೇರಿ ನಲವತ್ತೈದು ಅದಾವ್ರೀ ಮಾಮಾ. ದಿನಕ್ಕ ಅರ್ಧ ತಿಂದ್ರ, ಆಕಿ ಬರೂತನಕ ಆಕಿ ಕೈಯಾಂದ ಸಿಗತೈತಿ."

ನನ್ನ ಡಬ್ಬಿಯಲ್ಲಿ ಉಳಿದಿದ್ದ ಅನ್ನವನ್ನು ಅವನ ಮುಂದಿಟ್ಟೆ. ಅವನು ಕೊನೆಯ ಅಗುಳಿನವರೆಗೂ ಉಂಡ ಮೇಲೆ, ಡಬ್ಬಿಯನ್ನು ತೊಳೆದು, ಒರೆಸಿ, ಮುಚ್ಚಳ ಹಾಕಿದೆ.