ಯಾವ ಕಾಲು?

ನಾಲ್ಕು ಕಿಲೋ ತೂಕದ ಪ್ರಾಣಿಯೊಂದರಿಂದಾಗಿ ನಾನು ಹಗಲಿಡೀ ಹೆದರಿ ಸಾಯುತ್ತಿದ್ದೇನೆ ಎಂದರೆ ನಮ್ಮ ಶಾಲೆಯಲ್ಲಿ ಒಬ್ಬರೂ ನಂಬುವುದಿಲ್ಲ. ಅಲ್ಲಿ ನಾನು ಪಿ.ಟಿ. ಮಾಸ್ತರ ಭಾಸ್ಕರ ನಾಯಕ. ನಾನು ಸೀಟಿ ಊದಿದರೆ ಮುನ್ನೂರು ಮಕ್ಕಳು ಗಪ್‌ಚಿಪ್. ಓಟ ತಪ್ಪಿಸಲು ಕುಂಟುವ ನಾಟಕ ಆಡುವವರನ್ನು ಹಿಡಿಯುವುದರಲ್ಲಂತೂ ನಾನು ತಾಲ್ಲೂಕಿಗೇ ಹೆಸರಾದವನು. ಉಪಾಯ ಸರಳ. ‘ಯಾವ ಕಾಲು?’ ಎಂದು ಕೇಳಬೇಕು. ಹತ್ತು ನಿಮಿಷ ಬಿಟ್ಟು ಮತ್ತೆ ಕೇಳಬೇಕು. ಕಳ್ಳನಾದರೆ ಅಷ್ಟರಲ್ಲಿ ಕಾಲು ಬದಲಾಗಿರುತ್ತದೆ. (ನನ್ನ ಎಡ ಬಲದ ಕತೆ ಮಾತ್ರ ಕೇಳಬೇಡಿ. ಮಕ್ಕಳಿಗೆ ಎದುರಾಗಿ ನಿಂತು ‘ಎಡಗಾಲು’ ಎಂದು ಕೂಗುತ್ತ ನನ್ನ ಬಲಗಾಲನ್ನು ಎತ್ತಿ ತೋರಿಸಬೇಕಲ್ಲ, ಇಪ್ಪತ್ತೊಂಬತ್ತು ವರ್ಷದಲ್ಲಿ ಅದು ಪೂರಾ ಕೆಟ್ಟುಹೋಗಿದೆ.)

ಆ ಪ್ರಾಣಿಯ ಹೆಸರು ಶೆಟ್ಲಿ. ಮಲಗಿದಾಗ ಥೇಟ್ ಶೆಟ್ಲಿಯ, ಅಂದರೆ ಸಿಗಡಿ ಮೀನಿನ ಹಾಗೆ ಸುರುಳಿಯಾಗುತ್ತಾಳೆಂದು ನನ್ನ ಹೆಂಡತಿ ಗಾಯತ್ರಿ ಇಟ್ಟ ಹೆಸರು. ಬಿಳಿ ಪೊಮೆರೇನಿಯನ್ ನಾಯಿ. ಹಿಂದಿನ ಎಡಗಾಲಿನ ಮೊಣಕಾಲ ಚಿಪ್ಪು ಜಾರುತ್ತಿತ್ತೆಂದು ಗೋವೆಗೆ ಒಯ್ದು ಆಪರೇಶನ್ ಮಾಡಿಸಿ ನಾಲ್ಕು ವಾರವಾಗಿತ್ತು. ಒಟ್ಟು ಆರು ವಾರ ಅವಳು ಜಿಗಿಯಬಾರದು, ಓಡಬಾರದು, ಮೆಟ್ಟಿಲು ಹತ್ತಬಾರದು, ನುಣುಪು ನೆಲದಲ್ಲಿ ಜಾರಬಾರದು. ಹಬ್ಬುವಾಡದ ನಮ್ಮ ಮನೆಯ ಟೈಲ್ಸ್ ಕಾಣದ ಹಾಗೆ ಚಾಪೆ, ಕಂಬಳಿ, ನನ್ನ ಯೋಗದ ಮ್ಯಾಟು ಎಲ್ಲ ಹಾಸಿಯಾಗಿತ್ತು. ಶಾಲೆಯಲ್ಲಿ ಲಾಂಗ್ ಜಂಪ್ ಕಲಿಸುವ ನಾನು ಮನೆಯಲ್ಲಿ ಜಿಗಿತ ನಿರ್ಮೂಲನಾಧಿಕಾರಿಯಾಗಿದ್ದೆ.

ಮೇ ತಿಂಗಳ ರಜೆಯಲ್ಲಿ ಒಂದು ಬೆಳಿಗ್ಗೆ ಗಾಯತ್ರಿ ಅಂಕೋಲೆಯ ತವರಿಗೆ ಪೂಜೆಯ ಊಟಕ್ಕೆ ಹೊರಟಳು.

"ಸಂಜಿಗೆ ಬರ್ತೆ. ಅದನ್ನ ಸೋಫಾ ಮೇಲೆ ಹತ್ತಿಸುದಲ್ಲ, ಕೇಳ್ತಾ?"

"ನಾ ಎಂತ ಸಣ್ಣ ಹುಡುಗನಾ?"

"ಸಣ್ಣ ಹುಡುಗ್ರಾದ್ರೆ ಹೇಳಿದ್ದು ಕೇಳ್ತಿದ್ರು. ಅದ್ರ ಕಾಲಿಗೆ ಎಂತಾದ್ರೂ ಆದ್ರೆ ನಿಮ್ಮನ್ನ ಬಿಡುದಿಲ್ಲ ನೋಡಿ."

ಅವಳ ಬಸ್ಸು ಹೊರಟ ಅರ್ಧ ಗಂಟೆಗೆ ನಾನು ಶೆಟ್ಲಿಯನ್ನು ಸೋಫಾ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಟಿವಿಯಲ್ಲಿ ಹಳೆಯ ಕಬಡ್ಡಿ ಪಂದ್ಯ ನೋಡುತ್ತಿದ್ದೆ. ಕೈ ಅವಳ ಬೆನ್ನ ಮೇಲೇ ಇತ್ತು, ದೇವರಾಣೆ. ಅಷ್ಟರಲ್ಲಿ ಬೀದಿಯಲ್ಲಿ ಮೀನು ಮಾರುವ ಹೀರಾಬಾಯಿಯ ದನಿ ಎದ್ದಿತು: "ಬಂಗಡೇ... ತಾಜಾ ಬಂಗಡೇ!" ಕೈ ಅಲ್ಲೇ ಇತ್ತು, ಬೆನ್ನು ಇರಲಿಲ್ಲ.

ಬಾಗಿಲವರೆಗೆ ಹೋಗಿ ತಿರುಗಿ ಬಂದಾಗ ಶೆಟ್ಲಿ ಒಂದು ಹಿಂಗಾಲನ್ನು ಮೇಲಕ್ಕೆತ್ತಿಕೊಂಡಿದ್ದಳು. ಮೂರೇ ಕಾಲಲ್ಲಿ ಬಂದು ನನ್ನ ಮುಖವನ್ನೇ ನೋಡುತ್ತ ನಿಂತಳು.

ನಿಜ ಹೇಳುತ್ತೇನೆ, ಮೊದಲು ನನಗೆ ಹೆಂಡತಿಯ ನೆನಪಾಗಲಿಲ್ಲ. ಆಪರೇಶನ್ನಿನ ದಿನ ಮತ್ತಿನಲ್ಲಿದ್ದ ಅವಳನ್ನು ಟವೆಲಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಿದ್ದರು. ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಕಾಳಿ ಸೇತುವೆ ದಾಟುವವರೆಗೂ ಅವಳ ಮೂಗಿನ ಹತ್ತಿರ ಬೆರಳಿಟ್ಟುಕೊಂಡೇ ಬಂದವನು ನಾನು. ಮತ್ತೆ ಅದೇ ನೋವು ಅವಳಿಗೆ, ಅದೂ ನನ್ನ ಕಬಡ್ಡಿಯಿಂದ! ಕೈಕಾಲು ತಣ್ಣಗಾಯಿತು. ಹೆಂಡತಿಯ ನೆನಪು ಎರಡನೆಯದಾಗಿ ಬಂತು. ಆಗ ಉಳಿದದ್ದೂ ತಣ್ಣಗಾಯಿತು.

ಶೆಟ್ಲಿಯನ್ನು ಈಗ ನೋಡುವ ಡಾಕ್ಟರು ಕೂರುವುದು ಬಾಳೆಗುಳಿ ಕ್ರಾಸಿನಲ್ಲಿ. ಅಂದರೆ ಅಂಕೋಲೆ ದಾಟಿ ಹೋಗಬೇಕು. ಅಂದರೆ ಗಾಯತ್ರಿಯ ತವರಿನ ಮೂಗಿನಡಿಯಲ್ಲೇ ಹೋಗಬೇಕು. ವಾಲಿಬಾಲ್ ಚೀಲದಲ್ಲಿ ಕಂಬಳಿ ಹಾಸಿ ಶೆಟ್ಲಿಯನ್ನು ಕೂರಿಸಿ, ಆ ಬಿಸಿಲಿನಲ್ಲಿ ಮಂಗನ ಟೊಪ್ಪಿ ಹಾಕಿಕೊಂಡು ಬಸ್ಸು ಹತ್ತಿದೆ. ಬಸ್ಸು ಹಾರಿದಾಗಲೆಲ್ಲ ಚೀಲವನ್ನು ಎತ್ತಿ ಹಿಡಿದೆ. ಅಂಕೋಲೆ ಬಸ್ ಸ್ಟ್ಯಾಂಡಿನಲ್ಲಿ ಸರಿಯಾಗಿ ಗಾಯತ್ರಿಯ ವಿಡಿಯೋ ಕಾಲ್ ಬಂತು! ಅದನ್ನು ಕಟ್ ಮಾಡಿ ಮೆಸೇಜ್ ಹಾಕಿದೆ: ‘ಶೆಟ್ಲಿ ಮಲಗಿದ್ದಾಳೆ. ಮಾತಾಡಿದರೆ ಏಳುತ್ತಾಳೆ.’ ಆಗಲೇ ಚೀಲ ಬೊಗಳಿತು. ಪಕ್ಕದಲ್ಲಿದ್ದವರು ಎದ್ದು ಹಿಂದಿನ ಸೀಟಿಗೆ ಹೋದರು.

ಡಾಕ್ಟರ್ ಹರಿಶ್ಚಂದ್ರ ಹೆಸರಿಗೆ ತಕ್ಕ ಮನುಷ್ಯ, ಸುಳ್ಳು ಹೇಳಲು ಬಾರದು. ಅವರು ಶೆಟ್ಲಿಯ ಕಾಲನ್ನು ಮಡಚಿ, ಬಿಡಿಸಿ, ಒತ್ತಿ ನೋಡುವಷ್ಟು ಹೊತ್ತೂ ನಾನು ಗೋಡೆಯ ಕ್ಯಾಲೆಂಡರಿನ ದೇವರಿಗೆ ಹರಕೆ ಹೊರುತ್ತಿದ್ದೆ. ಕೊನೆಗೆ ಅವಳನ್ನು ಕೆಳಗೆ ಬಿಟ್ಟು ಕೇಳಿದರು:

"ಮಾಸ್ತರ್ರೇ, ಆಪರೇಶನ್ ಆಗಿದ್ದು ಯಾವ ಕಾಲಿಗೆ?"

"ಎಡಗಾಲಿಗೆ."

"ಇದು ಕುಂಟುದು ಯಾವ ಕಾಲಲ್ಲಿ?"

ಟೊಪ್ಪಿ ತೆಗೆದು ಸರಿಯಾಗಿ ನೋಡಿದೆ. ಹೊಲಿಗೆಯ ಗುರುತಿದ್ದ ಕಾಲು ನೆಟ್ಟಗೆ ನೆಲದ ಮೇಲಿತ್ತು. ಎತ್ತಿಕೊಂಡದ್ದು ಗಟ್ಟಿಮುಟ್ಟಾದ ಇನ್ನೊಂದು ಕಾಲನ್ನು!

ಡಾಕ್ಟರು ತಮ್ಮ ಊಟದ ಡಬ್ಬಿಯ ಮುಚ್ಚಳ ತೆಗೆದರು. ಒಳಗೆ ಹುರಿದ ಬಂಗಡೆ. ಶೆಟ್ಲಿ ನಾಲ್ಕೂ ಕಾಲಲ್ಲಿ ನಡೆದುಹೋಗಿ ಅವರೆದುರು ಕೂತಳು.

"ಎಂತಾ ಆಗ್ಲಿಲ್ಲ. ಕುಂಟಿದ್ರೆ ಎತ್ತಿ ಮುದ್ದು ಮಾಡ್ತಾರೆ ಹೇಳಿ ಕಲ್ತುಬಿಟ್ಟಿದೆ, ಅಷ್ಟೇ."

ಇಪ್ಪತ್ತೊಂಬತ್ತು ವರ್ಷದ ನನ್ನ ಕೀರ್ತಿ ಆ ಡಬ್ಬಿಯ ಮುಂದೆ ಮಣ್ಣುಪಾಲಾಯಿತು. ಆದರೂ ಸಂತೋಷಕ್ಕೆ ಕಣ್ಣಲ್ಲಿ ನೀರು ಬಂತು. ಶೆಟ್ಲಿಯನ್ನು ಎತ್ತಿ ಮುದ್ದಾಡಿದೆ. (ಅದೇ ಅವಳಿಗೆ ಬೇಕಾದದ್ದು.)

"ಡಾಕ್ಟ್ರೇ, ಇದು ಗಾಯತ್ರಿಗೆ ಮಾತ್ರ ಗೊತ್ತಾಗ್ಬಾರ್ದು."

"ನಾನಾಗಿ ಹೇಳುದಿಲ್ಲ. ಕೇಳಿದ್ರೆ ಸುಳ್ಳು ಹೇಳುಕೆ ಬರುದಿಲ್ಲ."

"ಅಲ್ಲ, ಹೀಗೆ ಮೋಸ ಹೋದವ ನಾನೊಬ್ಬನೇನಾ?"

ಡಾಕ್ಟರು ಫ್ಯಾನು ನೋಡಿದರು. "ಕೇಳಿಬಿಟ್ರಲ್ಲ ಮಾರಾಯ್ರೇ. ಹೋದ ಬುಧವಾರ ಗಾಯತ್ರಿ ಮೇಡಂ ಇದನ್ನೇ ಎತ್ಕೊಂಡು ಅಳ್ತಾ ಬಂದಿದ್ರು. ಮಾಸ್ತರಿಗೆ ಹೇಳ್ಬೇಡಿ ಅಂದಿದ್ರು."

ಬುಧವಾರ! ನಾನು ಸದಾಶಿವಗಡದಲ್ಲಿ ವಾಲಿಬಾಲ್ ಪಂದ್ಯಕ್ಕೆ ರೆಫ್ರಿಯಾಗಿ ಹೋದ ದಿನ! ತಿರುಗಿ ಬರುವಾಗ ಮಂಗನ ಟೊಪ್ಪಿ ಚೀಲ ಸೇರಿತ್ತು, ನನ್ನ ಎದೆ ಒಂದು ಅಂಗುಲ ಉಬ್ಬಿತ್ತು. ಇಪ್ಪತ್ತು ವರ್ಷದ ಸಂಸಾರದಲ್ಲಿ ಮೊದಲ ಬಾರಿಗೆ ನನ್ನ ಕೈಗೊಂದು ದಿವ್ಯಾಸ್ತ್ರ ಸಿಕ್ಕಿತ್ತು.

ಸಂಜೆ ಆರಕ್ಕೆ ಗೇಟು ಕಿರ್ ಎಂದಿತು. ಕಾಯುತ್ತ ಕೂತಿದ್ದ ನಾನು ತಡೆಯಲಾಗದೆ ಜಗಲಿಯ ಮೂರು ಮೆಟ್ಟಿಲನ್ನು ಒಂದೇ ನೆಗೆತಕ್ಕೆ ದಾಟಿದೆ. ಗಾಳಿಯಲ್ಲಿದ್ದಾಗಲೇ ಅಸ್ತ್ರ ಬಿಟ್ಟೆ.

"ನೀನೂ ಬುಧವಾರ ಡಾಕ್ಟ್ರ ಹತ್ರ ಹೋಗಿದ್ಯಲ್ಲ!"

ನೆಲ ಮುಟ್ಟಿದಾಗ ಮೊಣಕಾಲು ಕಟಕ್ ಎಂದಿತು. ಗಾಯತ್ರಿಗೆ ಆ ಕಟಕ್ ಕೇಳಿಸಲಿಲ್ಲ.

"ನೀನೂ ಅಂದ್ರೆ?" ಎಂದಳು. "ಮತ್ಯಾರು ಹೋಗಿದ್ರು?"

ಒಂದೇ ಒಂದು ದೀರ್ಘ! ‘ನೀನು’ ಎಂದಿದ್ದರೆ ಗೆದ್ದಿದ್ದೆ. ‘ನೀನೂ’ ಎಂದು ಸತ್ತೆ. ಗೋಡೆ ಹಿಡಿದು ನಿಂತು ಸೋಫಾ, ಕಬಡ್ಡಿ, ಮಂಗನ ಟೊಪ್ಪಿ ಎಲ್ಲ ಒಪ್ಪಿಕೊಂಡೆ. ಅವಳು ನನ್ನನ್ನು ದಾಟಿ ಒಳಗೆ ಓಡಿ ಶೆಟ್ಲಿಯ ಕಾಲು ಮುಟ್ಟಿ ನೋಡಿದಳು, ಡಾಕ್ಟರಿಗೆ ಫೋನು ಮಾಡಿದಳು, ಕಣ್ಣೊರೆಸಿಕೊಂಡಳು. ಆಮೇಲಷ್ಟೇ, ಗೋಡೆ ಹಿಡಿದೇ ಒಳಗೆ ಬಂದಿದ್ದ ನನ್ನ ಕಡೆ ತಿರುಗಿದಳು.

"ನೀವೆಂತಕ್ಕೆ ಗೋಡೆ ಹಿಡ್ಕೊಂಡು ನಿಂತದ್ದು?"

"ಮೊಣಕಾಲು ಹೋಯ್ತು ಮಾರಾಯ್ತಿ. ಜೀವ ಹೋಗ್ತಾ ಇದೆ."

"ಯಾವ ಕಾಲು?"

ಅವಳು ನನ್ನೆದುರೇ ನಿಂತಿದ್ದಳು. ಎದುರು ನಿಂತವರಿಗೆ ಹೇಳಿ ಹೇಳಿ ಅಭ್ಯಾಸವಲ್ಲವೇ, "ಎಡ" ಎಂದೆ.

ಅವಳು ನೇರ ಅಡುಗೆಮನೆಗೆ ಹೋದಳು. ಹತ್ತು ನಿಮಿಷದಲ್ಲಿ ಬಂಗಡೆ ಹುರಿಯುವ ಪರಿಮಳ ಬಂತು. ಹಾಲ್‌ನ ಆ ತುದಿಯಲ್ಲಿ ತಟ್ಟೆ ಇಟ್ಟು, ಕೈಕಟ್ಟಿ ನಿಂತು, "ಬನ್ನಿ" ಎಂದಳು. ಬೆಳಗಿನಿಂದ ನನಗೆ ಊಟವಿಲ್ಲ. ನಾನು ಹೋದೆ. ಬಲಗಾಲನ್ನು ಎಳೆದುಕೊಂಡು, ನರಳುತ್ತ ಹೋದೆ.

"ಎಡ ಅಂದಿದ್ರಿ."

"ಅದು... ನಿನ್ನ ಎಡ!"

"ನನ್ನ ಕಾಲು ಸಮಾ ಇದೆ."

ಅಷ್ಟರಲ್ಲಿ ಶೆಟ್ಲಿ ಚಾಪೆಯಿಂದ ಎದ್ದಳು. ಒಮ್ಮೆ ತಟ್ಟೆ ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. ಈ ಸಲ ಹೊಲಿಗೆ ಇದ್ದ ಕಾಲನ್ನೇ ಎತ್ತಿಕೊಂಡು ಮೆಲ್ಲಗೆ ಕುಂಟುತ್ತ ಬಂದಳು.

"ಅಯ್ಯೋ ನನ್ನ ಬಂಗಾರಾ!" ಗಾಯತ್ರಿ ನನ್ನ ತಟ್ಟೆ ಎಳೆದುಕೊಂಡು, ಮಸಾಲೆ ಕೆರೆದು ಮುಳ್ಳು ಬಿಡಿಸತೊಡಗಿದಳು. "ನೋಡಿ ಕಲೀರಿ. ಇದಕ್ಕಾದ್ರೂ ಯಾವ ಕಾಲು ಹೇಳಿ ನೆನಪಿದೆ."